ಅಕ್ಕ–ತಂಗಿಯ ನಡುವಿನ ಹಗ್ಗ

ಮೂವತ್ತು ವರ್ಷದೊಳಗಿನ ವ್ಯೋಮ ಎಂಜಿನಿಯರರಿಗೆ ಕೊಡುವ ವರ್ಷದ ಸಾಧಕಿ ಪ್ರಶಸ್ತಿ ನಮ್ಮ ದಿಲ್ಶಾದ್ ನದಾಫ್‌ಗೆ ಬಂದದ್ದು ಎಲ್ಲರಿಗೂ ಗೊತ್ತು. ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಅದರಲ್ಲಿ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಆದರೆ ಅದಕ್ಕೆ ಕಳಿಸಿದ ಅರ್ಜಿ ಮೊದಲ ಸಲ ತಿರಸ್ಕೃತವಾಗಿ ವಾಪಸ್ ಬಂದಿತ್ತು ಎನ್ನುವುದು ನಮ್ಮ ಕೇಂದ್ರದ ಏಳೆಂಟು ಜನಕ್ಕೆ ಮಾತ್ರ ಗೊತ್ತಿರುವ ಸಂಗತಿ. ನಾನು ಸದಾನಂದ ಗಾಂವ್ಕರ್, ಅಲ್ಲಿ ಹವಾಮಾನ ನೋಡುವವನು, ವಯಸ್ಸು ಐವತ್ತೆರಡು. ನನಗೆ ಇದುವರೆಗೆ ಯಾವ ಪ್ರಶಸ್ತಿಯೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಹಾಗಾಗಿ ನನ್ನ ಮಾತನ್ನು ನಂಬಬಹುದು.

ಅಂಕೋಲೆಯ ಕಡಲಂಚಿನಲ್ಲಿರುವ ನಮ್ಮ ಕೇಂದ್ರ ಹಾರಿಸುವುದು ಎರಡು ವಿಮಾನಗಳನ್ನು. ಎರಡರಲ್ಲೂ ಜನ ಇಲ್ಲ, ಇಂಧನ ಇಲ್ಲ. ಮೇಲಿನದು ಹತ್ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ, ಕೆಳಗಿನದು ಅದಕ್ಕಿಂತ ಎರಡು ಕಿಲೋಮೀಟರ್ ಕೆಳಗೆ, ನಡುವೆ ಪೆನ್ಸಿಲ್ ದಪ್ಪದ ಒಂದು ಹಗ್ಗ. ಹಾಯಿದೋಣಿ ನೋಡಿದವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಹಾಯಿ ಗಾಳಿಯಲ್ಲಿರುತ್ತದೆ, ದೋಣಿಯ ಅಡಿ ನೀರಿನಲ್ಲಿರುತ್ತದೆ. ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ, ಆ ಜಗ್ಗಾಟದಲ್ಲಿ ದೋಣಿ ಬೇಕಾದತ್ತ ಸಾಗುತ್ತದೆ. ಆಕಾಶದಲ್ಲಿ ನೀರಿಲ್ಲ ನಿಜ, ಆದರೆ ಎರಡು ಎತ್ತರದಲ್ಲಿ ಎರಡು ಬಗೆಯ ಗಾಳಿ ಇರುತ್ತದೆ. ಮೇಲಿನ ವಿಮಾನ ಹಾಯಿ, ಕೆಳಗಿನದು ದೋಣಿಯ ಅಡಿ. ಹಗ್ಗ ಬಿಗಿಯಾಗಿರುವವರೆಗೆ ಜೋಡಿ ವರ್ಷಗಟ್ಟಲೆ ಇಳಿಯದೆ ಹಾರಬಲ್ಲದು. ಕಡತದಲ್ಲಿ ಅವುಗಳಿಗೆ ಉದ್ದುದ್ದ ನಂಬರುಗಳಿವೆ. ನಾವು ಕರೆಯುವುದು ಅಕ್ಕ ಮತ್ತು ತಂಗಿ ಎಂದು.

ಅಕ್ಕನ ಹೊಟ್ಟೆಯಲ್ಲಿ ರೇಡಿಯೋ ಮತ್ತು ರಾಡಾರ್. ಕಾರವಾರದಿಂದ ಭಟ್ಕಳದವರೆಗಿನ ಪ್ರತಿ ಮೀನುದೋಣಿಯಲ್ಲೂ, ಮೀನುಗಾರರ ಮನೆಯಲ್ಲೂ ಅಂಗೈಯಗಲದ ಒಂದೊಂದು ಹಳದಿ ಡಬ್ಬಿ. ಎಷ್ಟೇ ದೂರ ಹೋದರೂ ಅದರಲ್ಲಿ ಮನೆಯವರ ಜೊತೆ ಮಾತಾಡಬಹುದು. ಅದಕ್ಕಿಂತ ಮುಖ್ಯವಾಗಿ, ಯಾವ ಅಳಿವೆ ದಾಟಬಹುದು, ಯಾವುದನ್ನು ದಾಟಬಾರದು ಎಂದು ಅದು ಹೇಳುತ್ತದೆ. ಬಿರುಗಾಳಿಯಲ್ಲಿ ದೋಣಿ ಒಡೆಯುವುದು ನಡುಗಡಲಲ್ಲಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ಮರಳ ದಿಬ್ಬದ ಮೇಲೆ ಅಲೆ ಎದ್ದು ನಿಲ್ಲುವಲ್ಲಿ, ಅದು ಒಡೆಯುತ್ತದೆ.

ನಾಲ್ಕು ವರ್ಷದಲ್ಲಿ ಊರೇ ಈ ಡಬ್ಬಿಗೆ ಒಗ್ಗಿಹೋಗಿತ್ತು. ನಮ್ಮ ಎದುರುಮನೆಯ ನಾಗವೇಣಿ ಹರಿಕಂತ್ರ ಮೀನು ಮಾರುವವಳು. ಗಂಡ ಪುರ್ಸು ಬಲೆ ಎಳೆಯುತ್ತಿರುವಾಗಲೇ ಯಾವ ಮೀನು, ಎಷ್ಟು ಬುಟ್ಟಿ ಎಂದು ಕೇಳಿಕೊಂಡು ಗಿರಾಕಿಗಳಿಗೆ ಹೇಳಿಬಿಡುತ್ತಿದ್ದಳು. ಮೊದಲು ಪುರ್ಸು ತಡವಾಗಿ ಬಂದರೆ ಸಮುದ್ರ ಜೋರಿತ್ತು ಎನ್ನುತ್ತಿದ್ದ. ಈಗ ಹಾಗೆ ಹೇಳಿದರೆ, “ಸುಳ್ ಹೇಳ್ಬೇಡಿ, ಅಲೆ ಮೊಳಕಾಲೆತ್ರ ಇಲ್ಲ, ಡಬ್ಬೀಲಿ ಕಾಣ್ತದೆ,” ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ಪುರ್ಸು ನನ್ನನ್ನು ಕಂಡಾಗಲೆಲ್ಲ, “ನಿಮ್ಮ ಅಕ್ಕ–ತಂಗಿ ಬಂದ್ಮೇಲೆ ಗಂಡಸ್ರಿಗೆ ಕಾಲ ಇಲ್ಲ ಗಾಂವ್ಕರೇ,” ಎಂದು ದೂರುತ್ತಿದ್ದ. ಮೋಡದ ಬಣ್ಣ, ನೀರಿನ ವಾಸನೆ ನೋಡಿ ಹವೆ ಹೇಳುವುದನ್ನು ಮಾತ್ರ ಅವನೂ ಅವನ ಜೊತೆಯವರೂ ಬಿಟ್ಟಿದ್ದರು. ಮೇಲೆ ಅಕ್ಕ ಇದ್ದಾಳಲ್ಲ ಎನ್ನುವ ಧೈರ್ಯ.

ನಾಗವೇಣಿಯ ಮನೆಯ ಮಾಳಿಗೆಯಲ್ಲೇ ದಿಲ್ಶಾದ್ ಬಾಡಿಗೆಗಿದ್ದಳು. ಅಣ್ಣಿಗೇರಿಯವಳು, ಇಪ್ಪತ್ತೇಳು ವರ್ಷ, ಕೇಂದ್ರಕ್ಕೆ ಸೇರುವವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಆ ಪೆನ್ಸಿಲ್ ದಪ್ಪದ ಹಗ್ಗದ ಪೂರ್ತಿ ಹೊಣೆ ಅವಳದು. ಹಗ್ಗವನ್ನು ಎಳೆದು, ತಿರುಚಿ, ಉಪ್ಪುನೀರಲ್ಲಿ ನೆನೆಸಿ, ಮಂಜುಗಡ್ಡೆಯಲ್ಲಿಟ್ಟು, ಮತ್ತೆ ಎಳೆದು ನೋಡುವುದೇ ಅವಳ ದಿನಚರಿ. ಇಷ್ಟು ಸಲ ಪರೀಕ್ಷೆ ಮಾಡು ಎಂದು ಕೇಂದ್ರದ ನಿಯಮದ ಪುಸ್ತಕದಲ್ಲಿದ್ದರೆ ಅವಳು ಅದರ ಮೂರುಪಟ್ಟು ಮಾಡುತ್ತಿದ್ದಳು. ನಾವು ಬೆನ್ನ ಹಿಂದೆ ನಗುತ್ತಿದ್ದೆವು, ಮುಂದೆಯೂ ನಗುತ್ತಿದ್ದೆವು.

ನಮ್ಮ ನಿಯಂತ್ರಣ ಕೊಠಡಿಗೆ ಒಂದು ಪದ್ಧತಿ ಇದೆ. ದೊಡ್ಡ ನಿರ್ಧಾರ ಎದುರಾದಾಗ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಆಮೇಲೆ ಅವರಿಗಿಂತ ಹಿರಿಯರು, ಕೊನೆಗೆ ಮುಖ್ಯಸ್ಥರು. ದೊಡ್ಡವರು ಮೊದಲು ಬಾಯಿಬಿಟ್ಟರೆ ಉಳಿದವರೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುತ್ತಾರೆ ಎಂದು ಕೇಂದ್ರ ಕಟ್ಟಿದ ಹಳಬರು ಮಾಡಿದ ಏರ್ಪಾಡು. ಒಳ್ಳೆಯದೇ. ಆದರೆ ನಮ್ಮವರು ಬುದ್ಧಿವಂತರು. ಕಿರಿಯರು ಮುಖ್ಯಸ್ಥರ ಮುಖ ನೋಡಿ, ಹುಬ್ಬು ಯಾವ ಕಡೆ ಇದೆ ಎಂದು ಅಂದಾಜು ಮಾಡಿ ಮಾತಾಡುವುದನ್ನು ಕಲಿತುಬಿಟ್ಟರು. ನಾನೂ ಎಳೆಯವನಿದ್ದಾಗ ಹುಬ್ಬು ಓದುವುದರಲ್ಲಿ ನಿಪುಣನಾಗಿದ್ದೆ. ಮೋಡಕ್ಕಿಂತ ಅದನ್ನೇ ಚೆನ್ನಾಗಿ ಓದುತ್ತಿದ್ದೆ.

ದಿಲ್ಶಾದಳ ಪಾಡು ಬೇರೆಯಾಯಿತು. ಅವಳು ಸೇರಿದ ಮೇಲೆ ನಾಲ್ಕು ವರ್ಷ ಹೊಸ ನೇಮಕಾತಿಯೇ ಆಗಲಿಲ್ಲ. ಬೇರೆಯವರು ಒಂದು ವರ್ಷ ಹೊತ್ತು ಇಳಿಸಿದ ಮೊದಲ ಮಾತಿನ ಹೊರೆಯನ್ನು ಅವಳು ನಾಲ್ಕು ವರ್ಷ ಹೊತ್ತಳು. ಮೊದಲ ವರ್ಷ ಅವಳೂ ಹುಬ್ಬು ನೋಡಿದಳು. ಎರಡನೇ ವರ್ಷ ಬೇಸರ ಬಂತು. ಮೂರನೇ ವರ್ಷದ ಹೊತ್ತಿಗೆ, ತಲೆಯಲ್ಲಿದ್ದದ್ದನ್ನೇ ಹೇಳಿಬಿಡುವುದು ಸುಲಭ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಅಕ್ಟೋಬರಿನಲ್ಲಿ ಆ ಚಂಡಮಾರುತ ಎದ್ದಿತು. ಅದು ಒಮಾನ್ ಕಡೆ ಹೋಗುತ್ತದೆ ಎಂದು ಬರೆದು ಸಹಿ ಹಾಕಿದವನು ನಾನೇ. ಮೂರು ದಿನ ಹಾಗೇ ಹೋಯಿತು, ನಾಲ್ಕನೇ ದಿನ ತಿರುಗಿ ನಮ್ಮತ್ತ ಬಂತು. ಬೆಳಕು ಹರಿಯುವ ಹೊತ್ತಿಗೆ ನೂರ ಎಂಬತ್ತಮೂರು ದೋಣಿಗಳು ತೀರದಿಂದ ಎಪ್ಪತ್ತು ಕಿಲೋಮೀಟರ್ ಆಚೆ ಇದ್ದವು, ಒಂದು ಸಾವಿರದ ನಾನೂರಕ್ಕೂ ಮೇಲೆ ಜನ. ಅಕ್ಕನ ಮೂಲಕ ಎಲ್ಲರಿಗೂ ತಿರುಗಿ ಬನ್ನಿ ಎಂದು ಹೇಳಿದೆವು. ಅಷ್ಟು ದೋಣಿ ಆ ಅಲೆಯಲ್ಲಿ ಬಂದು ಮುಟ್ಟಲು ಏಳೆಂಟು ಗಂಟೆ ಬೇಕಿತ್ತು.

ಏಳು ನಲವತ್ತಕ್ಕೆ ಮೋಡದ ಒಂದು ಗೋಪುರ ಯಾರೂ ಎಣಿಸದಷ್ಟು ಮೇಲಕ್ಕೆ ಚಿಮ್ಮಿ ತಂಗಿಗೆ ಬಡಿಯಿತು. ಹಿಮದ ಗಡ್ಡೆಗಳು ಬಲರೆಕ್ಕೆಯನ್ನು ಹೊಡೆದವು. ರೆಕ್ಕೆ ಮುರಿಯಲಿಲ್ಲ, ಆದರೆ ಅದನ್ನು ತಿರುಗಿಸುವ ಹಲಗೆ ಜಾಮ್ ಆಯಿತು. ದೋಣಿಯ ಅಡಿ ಹೋದ ಮೇಲೆ ಬರೀ ಹಾಯಿಯಿಂದ ಏನಾಗುತ್ತದೆ? ತಂಗಿ ಕಲ್ಲಿನ ಹಾಗೆ ಹಗ್ಗಕ್ಕೆ ಜೋತುಬಿದ್ದಳು. ಜೋಡಿ ನಿಧಾನವಾಗಿ ಇಳಿಯತೊಡಗಿತು. ನೂರ ಹತ್ತು ನಿಮಿಷಕ್ಕೆ ಸಮುದ್ರ.

ಇಂಥ ಹೊತ್ತಿಗೆ ಏನು ಮಾಡಬೇಕೆಂದು ಪುಸ್ತಕದಲ್ಲಿ ಒಂದೇ ಸಾಲು ಇದೆ: ಹಗ್ಗ ಕತ್ತರಿಸಿ, ಅಕ್ಕನನ್ನು ತೇಲಿಸಿಕೊಂಡು ತಂದು ಇಳಿಸಿ. ತಂಗಿ ಹೋಗುತ್ತಾಳೆ, ಅಕ್ಕ ಉಳಿಯುತ್ತಾಳೆ. ಆದರೆ ಅಕ್ಕ ನೆಲಕ್ಕಿಳಿದ ಕ್ಷಣ ನೂರ ಎಂಬತ್ತಮೂರು ಹಳದಿ ಡಬ್ಬಿಗಳು ಮೂಕವಾಗುತ್ತವೆ.

ನಮ್ಮ ಮುಖ್ಯಸ್ಥೆ ಡಾ. ಮಾಲಿನಿ ಕೆದಿಲಾಯ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಎದ್ದು ನಿಂತು, “ಕತ್ತರಿಸಬೇಕೇ, ಬೇಡವೇ? ಮೊದಲ ಮಾತು,” ಎಂದರು. ಅವರ ಹುಬ್ಬು ಸ್ಪಷ್ಟವಾಗಿ ಕತ್ತರಿಯ ಕಡೆ ಇತ್ತು.

“ಬ್ಯಾಡ್ರಿ ಮೇಡಂ,” ಎಂದಳು ದಿಲ್ಶಾದ್.

“ಕಾರಣ?”

“ಹೆಂಗೂ ತಂಗಿ ಸಮುದ್ರಕ್ಕ ಬೀಳಾಕಿ. ಬೀಳ್ಲಿ. ಹಗ್ಗದ ಸಮೇತ ಬೀಳ್ಲಿ. ಹೊಟ್ಟಿ ಬಾಗಲಾ ತೆಗದಬಿಟ್ರ ಒಳಗ ನೀರು ತುಂಬ್ತದ, ಭಾರ ಆಗ್ತಾಳ. ದೋಣಿ ಎಂಜಿನ್ ನಿಂತ್ರ ಏನ್ ಮಾಡ್ತೀರಿ ಅಂತ ನಮ್ಮ ಮನಿ ಓನರ್ ಪುರ್ಸಣ್ಣಗ ಒಮ್ಮೆ ಕೇಳಿದ್ದೆ. ಬಲೀ ಗಂಟು ಕಟ್ಟಿ ಮೂತಿ ಕಡಿಂದ ನೀರಿಗೆ ಬಿಡ್ತಾರಂತ. ಅದು ನೀರೊಳಗ ಜಗ್ಗಿ ಹಿಡೀತದ, ದೋಣಿ ಗಾಳಿಗೆ ಮುಖ ಕೊಟ್ಟು ನಿಲ್ತದ. ತಂಗಿ ಆ ಬಲಿ ಗಂಟು ಆಗ್ಲಿ. ಅಕ್ಕ ಮ್ಯಾಲ ಗಾಳಿಪಟ ಆಗ್ತಾಳ. ಕೆಳಗ ಬಿರುಗಾಳಿ ಐತಿ, ಗಾಳಿಪಟಕ್ಕ ಅದ ಬೇಕು. ಒಂದು ಕಿಲೋಮೀಟರ್ ಎತ್ತರ ಸಿಕ್ರೂ ನೂರು ಕಿಲೋಮೀಟರ್ ದೂರದ ತನಕ ರೇಡಿಯೋ ಮುಟ್ತದ.”

ವಿಮಾನವನ್ನು ಗಾಳಿಪಟ ಮಾಡುವ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

“ನಿಮ್ಮ ಓನರ್ ಈಗ ಎಲ್ಲಿದ್ದಾರೆ?” ಎಂದು ಮಾಲಿನಿ ಕೇಳಿದರು.

“ಸಮುದ್ರದಾಗ ಅದಾರ್ರಿ.”

“ಅವರು ಮನೆಯಲ್ಲಿದ್ದಿದ್ದರೂ ಇದನ್ನೇ ಹೇಳುತ್ತಿದ್ದಿರಾ?”

“ಗೊತ್ತಿಲ್ರಿ. ಹೇಳ್ತಿದ್ದೆ ಅಂದ್ರ ಸುಳ್ಳಾಗಬಹುದು. ಲೆಕ್ಕ ಮಾತ್ರ ಇದ ಇರ್ತಿತ್ತು.”

“ಹಗ್ಗ ತಡೆಯದಿದ್ದರೆ ಇಬ್ಬರೂ ಹೋಗುತ್ತಾರೆ. ಹೊಸ ಜೋಡಿ ಕಟ್ಟಲು ಎರಡು ವರ್ಷ. ಅಷ್ಟು ದಿನ ಇಡೀ ಕರಾವಳಿ ಕುರುಡಾಗುತ್ತದೆ.”

“ತಡೀತದ್ರಿ. ಉಪ್ಪುನೀರಾಗ ಜಗ್ಗಿದಾಗ ಎಷ್ಟು ತಡೀತದ ಅಂತ ನೋಡೇನಿ. ಪುಸ್ತಕದಾಗ ಆ ಪರೀಕ್ಷೆ ಇಲ್ಲ. ನಾ ಮಾಡೇನಿ.”

ಅವಳ ನಂತರದ ಮೂವರೂ ಕತ್ತರಿಸಿ ಎಂದರು. ಅವರದೇನೂ ತಪ್ಪಿಲ್ಲ, ಪುಸ್ತಕ ಅವರ ಕಡೆ ಇತ್ತು. ಆಮೇಲೆ ನನ್ನ ಸರದಿ. ಒಮ್ಮೆ ತಪ್ಪು ಹೇಳಿ ಇಷ್ಟು ಜನರನ್ನು ಅಪಾಯಕ್ಕೆ ತಳ್ಳಿದವನು ಮತ್ತೆ ಗಾಳಿಯ ಬಗ್ಗೆ ಬಾಯಿಬಿಡಲು ಯಾವ ಮುಖ? ಕತ್ತರಿಸಿ ಎಂದರೆ ಮುಗಿಯಿತು, ಯಾರೂ ನನ್ನನ್ನು ಕೇಳುವುದಿಲ್ಲ. ಆ ಶಬ್ದ ನಾಲಗೆಯ ತುದಿಗೂ ಬಂದಿತ್ತು. ಆದರೆ ಪರದೆಯ ಮೇಲೆ ಗಾಳಿಯ ಅಂಕಿಗಳು ಎದುರಿಗೇ ಇದ್ದವು, ನಾನು ಅವನ್ನು ಓದಿದೆ. “ಕಿಲೋಮೀಟರ್ ಎತ್ತರದಲ್ಲಿ ಗಾಳಿ ಗಂಟೆಗೆ ಎಂಬತ್ತು ಕಿಲೋಮೀಟರ್. ಸಂಜೆಯವರೆಗೆ ತಗ್ಗುವುದಿಲ್ಲ. ಗಾಳಿಪಟ ನಿಲ್ಲುತ್ತದೆ,” ಎಂದೆ.

ಮಾಲಿನಿ ಕುಳಿತು, ದಾಖಲೆ ಪುಸ್ತಕ ಎಳೆದುಕೊಂಡು, ಏನೋ ಬರೆದು, ಗಡಿಯಾರ ನೋಡಿ ಹೊತ್ತು ನಮೂದಿಸಿ ಸಹಿ ಹಾಕಿದರು. “ಕತ್ತರಿಸುವುದಿಲ್ಲ. ದಿಲ್ಶಾದ್, ಹಗ್ಗ ನಿಮ್ಮದು, ಎಲ್ಲಿ ಇಳಿಸಬೇಕು ಹೇಳಿ,” ಎಂದರು.

ದೋಣಿಗಳಿಲ್ಲದ ಜಾಗ ಹುಡುಕಿದೆವು. ಆ ಹಗ್ಗ ಒಂದು ದೋಣಿಗೆ ಅಡ್ಡ ಬಂದರೂ ಸಾಕು, ಹಲಗೆ, ಮನುಷ್ಯ ಎಂದು ನೋಡದೆ ಸೀಳುತ್ತದೆ. ಎಲ್ಲ ದೋಣಿಗಳಿಗೂ ಆ ಕಡೆ ಬರಬೇಡಿ ಎಂದು ಹೇಳಿ ಇಳಿಸತೊಡಗಿದೆವು.

ಆ ಹೊತ್ತಿಗೆ ನಮ್ಮ ಓಣಿಯಲ್ಲಿ ಏನಾಗುತ್ತಿತ್ತು ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ನಾಗವೇಣಿಯ ಜಗಲಿಯಲ್ಲಿ ಹನ್ನೆರಡು ಹೆಂಗಸರು, ಹನ್ನೆರಡು ಡಬ್ಬಿ. ನಾಗವೇಣಿ ಗಂಡನ ಜೊತೆ ಬಿಡದೆ ಮಾತಾಡುತ್ತಿದ್ದಳು. ಒಂಬತ್ತು ಗಂಟೆಗೆ ಅಕ್ಕ ಮೋಡದೊಳಗೆ ಇಳಿದಾಗ ಸಂಪರ್ಕ ಹೋಯಿತು, ಹನ್ನೊಂದು ನಿಮಿಷ. ಉಳಿದವರು ಡಬ್ಬಿ ಕೆಳಗಿಟ್ಟು ಸುಮ್ಮನಾದರು. ನಾಗವೇಣಿ ಮಾತ್ರ ನಿಲ್ಲಿಸಲಿಲ್ಲ. “ಕೇಳ್ತದ್ಯಾ? ಬೆಕ್ಕು ಮರಿ ಹಾಕಿದೆ, ನಿಮ್ಮ ಅಂಗಿ ಮೇಲೇ. ನಾಲ್ಕ್ ಮರಿ. ನೀವ್ ಬಂದ್ ತೆಗೀರಿ, ನಾ ಮುಟ್ಟುದಿಲ್ಲ. ಗಂಜಿ ಮಾಡಿಟ್ಟೆ. ಆರಿಹೋದ್ರೆ ಮತ್ತೆ ಬಿಸಿ ಮಾಡುಕೆ ಹೇಳ್ಬೇಡಿ.” ಸತ್ತ ಡಬ್ಬಿಯೊಳಗೆ ಬೈಯುತ್ತಲೇ ಇದ್ದಳಂತೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತಂತೆ. ಹನ್ನೆರಡನೇ ನಿಮಿಷಕ್ಕೆ ಡಬ್ಬಿಯಿಂದ ಪುರ್ಸು, “ಎಷ್ಟ್ ಮರಿ ಅಂದೆ?” ಎಂದು ಕೇಳಿದ. ಜಗಲಿಯ ಹನ್ನೆರಡೂ ಜನ ಒಟ್ಟಿಗೆ ಅತ್ತರು.

ಆ ಹನ್ನೊಂದು ನಿಮಿಷ ನಾವೂ ಕುರುಡರೇ. ಮತ್ತೆ ಅಂಕಿಗಳು ಬಂದಾಗ ತಂಗಿ ನೀರು ಮುಟ್ಟಲು ಇಪ್ಪತ್ತು ನಿಮಿಷವಿತ್ತು. ಒಂಬತ್ತೂವರೆಗೆ ಅವಳು ಮುಟ್ಟಿದಳು. ದಿಲ್ಶಾದ್ ಹೊಟ್ಟೆಯ ಬಾಗಿಲು ತೆರೆದಳು. ನೀರು ತುಂಬಿತು. ಹಗ್ಗ ಒಮ್ಮೆ ಸಡಿಲವಾಯಿತು, ಅಕ್ಕ ಮುಗ್ಗರಿಸಿದಳು, ನಾನೂರು ಮೀಟರ್ ಎತ್ತರಕ್ಕೆ ಕುಸಿದಳು. ಆಮೇಲೆ ತಂಗಿ ನೀರೊಳಗೆ ಭಾರವಾಗಿ ಹಿಡಿದು ನಿಂತಾಗ ಹಗ್ಗ ಜಗ್ಗಿತು. ಎಳೆತ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು, ಗೆರೆ ದಾಟಿತು, ದಾಟಿದಲ್ಲೇ ಅದುರುತ್ತ ನಿಂತಿತು. ದಿಲ್ಶಾದ್, “ಅದು ಪುಸ್ತಕದ ಗೆರಿ ಐತ್ರಿ. ನನ್ನ ಗೆರಿ ಇನ್ನೂ ಮ್ಯಾಲೈತಿ,” ಎಂದಳು. ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ಅಕ್ಕ ಮೇಲೇರಿದಳು. ಏಳುನೂರು, ಒಂಬೈನೂರು, ಸಾವಿರದ ನೂರು ಮೀಟರ್. ಅಲ್ಲಿ ನಿಂತಳು.

ಅಲ್ಲಿಂದ ಐದೂವರೆ ಗಂಟೆ ನಾವು ಮಾಡಿದ್ದು ಒಂದೇ ಕೆಲಸ. ಅಕ್ಕನ ರಾಡಾರಿನಲ್ಲಿ ಅಳಿವೆಗಳನ್ನು ನೋಡುವುದು, ದೋಣಿಗಳಿಗೆ ದಾರಿ ಹೇಳುವುದು. ತದಡಿಯ ಅಳಿವೆ ಹತ್ತೂವರೆಗೆ ಅಲೆಯೆದ್ದು ಮುಚ್ಚಿತು, ಅಲ್ಲಿಗೆ ಬರುತ್ತಿದ್ದ ನಲವತ್ತು ದೋಣಿಗಳನ್ನು ಬೇಲೇಕೇರಿಗೆ ತಿರುಗಿಸಿದೆವು. ಬಂದರುಗಳಲ್ಲಿ ಕೂತಿದ್ದ ಸಿಬ್ಬಂದಿ ಒಂದೊಂದು ದೋಣಿ ಒಳಬಂದಾಗಲೂ ರೇಡಿಯೋದಲ್ಲಿ ಹೆಸರು ಹೇಳಿ “ಬಂತು” ಎನ್ನುತ್ತಿದ್ದರು. ಜಲಕನ್ಯೆ ಬಂತು. ಸಂತ ಅಂತೋನಿ ಬಂತು. ನೂರ್ ಬಂತು. ಕಟ್ಟೆ ಭೂತನಾಥ ಬಂತು. ನಾನು ಪೆನ್ನಿನಿಂದ ಗೀಟು ಎಳೆಯುತ್ತ ಹೋದೆ. ಪುರ್ಸುವಿನ ದೋಣಿ ಎಂಬತ್ತೊಂಬತ್ತನೆಯದು. ಅದರ ಹೆಸರು ಕೇಳಿದಾಗ ದಿಲ್ಶಾದ್ ತಲೆ ಎತ್ತಲಿಲ್ಲ. ಎಳೆತದ ಮುಳ್ಳನ್ನೇ ನೋಡುತ್ತಿದ್ದಳು. ಇನ್ನೂ ತೊಂಬತ್ತನಾಲ್ಕು ಹೊರಗಿದ್ದವು.

ಮೂರು ಗಂಟೆ ಐದು ನಿಮಿಷಕ್ಕೆ ನೂರ ಎಂಬತ್ತಮೂರನೆಯದು ಬಂತು.

ಈಗ ಅಕ್ಕನನ್ನು ಉಳಿಸುವ ಪ್ರಶ್ನೆ. ಅವಳು ತೀರದಿಂದ ಐವತ್ತು ಕಿಲೋಮೀಟರ್ ದೂರದಲ್ಲಿದ್ದಳು. ಆ ಎತ್ತರದಿಂದ ಗಾಳಿಯಿಲ್ಲದ ದಿನ ಜಾರಿಕೊಂಡು ಬಂದರೆ ಮೂವತ್ತು ಮುಟ್ಟಬಹುದು. ಗಾಳಿ ಬೆನ್ನಿಗಿರಬೇಕು. ಚಂಡಮಾರುತ ಉತ್ತರಕ್ಕೆ ಸರಿಯುತ್ತಿತ್ತು. ಅದು ಸರಿದಂತೆ ಗಾಳಿ ನೈಋತ್ಯಕ್ಕೆ ತಿರುಗಿ ತೀರದ ಕಡೆ ಬೀಸಬೇಕು. ಎಲ್ಲರೂ ನನ್ನತ್ತ ನೋಡಿದರು. “ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇದೆ. ಐದು ನಿಮಿಷ ತಡೆಯಿರಿ,” ಎಂದೆ. ಐದು ನಿಮಿಷಕ್ಕೆ ಗಾಳಿ ತಿರುಗಿತು. ಈ ಸಲ ನನ್ನ ಮಾತು ನಿಂತಿತು.

“ಈಗ ಕತ್ತರಿಸ್ರಿ,” ಎಂದಳು ದಿಲ್ಶಾದ್. ಅನುಮತಿ ಸಿಕ್ಕಿದ ಮೇಲೆ ತಾನೇ ಗುಂಡಿ ಒತ್ತಿದಳು. ನಾಲ್ಕು ವರ್ಷ ಸಾಕಿದ ಹಗ್ಗ ಸಮುದ್ರಕ್ಕೆ ಬಿತ್ತು. ಅಕ್ಕ ಬೆನ್ನಿಗೆ ಗಾಳಿ ಹೊತ್ತು, ಕೊನೆಗೆ ತೆಂಗಿನಮರಗಳಿಗಿಂತ ತಗ್ಗಿ ಬಂದು, ಹಾರವಾಡದ ಹತ್ತಿರ ದಂಡೆಯ ಮರಳಿನ ಮೇಲೆ ಹೊಟ್ಟೆಯೂರಿ ನಿಂತಳು. ಅಲೆ ಅವಳನ್ನು ವಾಪಸ್ ಎಳೆಯುವ ಮೊದಲು ದಂಡೆಯ ಜನ ಓಡಿದರು. ಆಗಷ್ಟೇ ಸಾವಿನ ಬಾಯಿಂದ ಬಂದವರು, ಬಟ್ಟೆ ಕೂಡ ಬದಲಿಸಿರಲಿಲ್ಲ. ದೋಣಿ ಎಳೆಯುವ ಹಾಗೇ ರೆಕ್ಕೆಗೆ ಹೆಗಲು ಕೊಟ್ಟು, ಐಲೇಸಾ ಎಂದು ಕೂಗುತ್ತ ಅವಳನ್ನು ಗಾಳಿಮರಗಳ ಮರೆಯವರೆಗೆ ಎಳೆದರು. ನಾವು ಜೀಪಿನಲ್ಲಿ ಹೋಗಿ ಮುಟ್ಟಿದಾಗ ನಾಗವೇಣಿ ಅಕ್ಕನ ಮೂತಿಯ ಮೇಲಿನ ಮರಳನ್ನು ಸೆರಗಿನಿಂದ ಒರೆಸುತ್ತಿದ್ದಳು. ದಿಲ್ಶಾದಳನ್ನು ಕಂಡವಳೇ, “ಇಡೀ ದಿನ ಎಂತಾ ತಿಂದಿಲ್ಲ ಅಲ್ವೇ? ಮುಖ ಕಾಣ್ತದೆ. ನಡಿ ಮನೆಗೆ,” ಎಂದಳು. ಆಗ ದಿಲ್ಶಾದ್ ಅತ್ತಳು. ನಾನೂ ಅತ್ತೆ.

ಹೊಸ ತಂಗಿಯನ್ನು ಕಟ್ಟಲು ಆರು ತಿಂಗಳು ಸಾಕಾಯಿತು, ಅಕ್ಕ ಉಳಿದಿದ್ದಳಲ್ಲ. ಪ್ರಶಸ್ತಿಗೆ ದಿಲ್ಶಾದಳ ಹೆಸರನ್ನು ಮಾಲಿನಿಯವರೇ ಕಳಿಸಿದರು. ಅದು ವಾಪಸ್ ಬಂತು. ಸಮಿತಿಯವರು ನಮ್ಮ ದಾಖಲೆ ಪುಸ್ತಕ ತರಿಸಿ ನೋಡಿದ್ದರು. ಆ ದಿನದ ಪುಟದಲ್ಲಿ ಈ ಅಭ್ಯರ್ಥಿಯ ಹೆಸರೇ ಇಲ್ಲ, ಮುಖ್ಯಸ್ಥೆಯ ಸಾಧನೆಯನ್ನು ಕಿರಿಯರ ಹೆಸರಿಗೆ ಬರೆಯುವುದು ಸರಿಯಲ್ಲ ಎಂದು ನಯವಾಗಿ ಬರೆದಿದ್ದರು. ನಾವು ಪುಟ ತೆಗೆದು ನೋಡಿದೆವು. ನಿಜ. ಅದರಲ್ಲಿದ್ದದ್ದು ಇಷ್ಟೇ: “ಏಳು ಐವತ್ತೆರಡು. ಹಗ್ಗ ಕತ್ತರಿಸುತ್ತಿಲ್ಲ. ಇದು ನಿಯಮಕ್ಕೆ ವಿರುದ್ಧ. ನಿರ್ಧಾರ ನನ್ನೊಬ್ಬಳದು. ಮಾಲಿನಿ ಕೆದಿಲಾಯ.”

ದಿಲ್ಶಾದ್ ಅದನ್ನು ಎರಡು ಸಲ ಓದಿದಳು. ಬೇಜಾರಾಗಿತ್ತು ಎಂದು ನನಗೆ ಕಂಡಿತು. ಪ್ರಶಸ್ತಿಗಾಗಿ ಅಲ್ಲ, ತನ್ನ ಮಾತು ಎಲ್ಲೂ ಉಳಿಯಲಿಲ್ಲವಲ್ಲ ಎಂದು.

ಮಾಲಿನಿ ಮರುದಿನವೇ ಸಮಿತಿಯ ಮುಂದೆ ಹೋದರು. ಸಾಕ್ಷಿಗೆ ನನ್ನನ್ನೂ ದಿಲ್ಶಾದಳನ್ನೂ ಕರೆದುಕೊಂಡು ಹೋದರು. ನಾನು ಕಂಡದ್ದನ್ನೆಲ್ಲ ಹೇಳಿದೆ, ನನ್ನ ತಪ್ಪು ಮುನ್ಸೂಚನೆಯನ್ನೂ ಬಿಡಲಿಲ್ಲ. ಕೊನೆಗೆ ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು, “ಎಲ್ಲ ಸರಿ ಡಾಕ್ಟರ್, ಆದರೆ ಆವತ್ತೇ ಈ ಹುಡುಗಿಯ ಹೆಸರು ಯಾಕೆ ಬರೆಯಲಿಲ್ಲ?”

ಮಾಲಿನಿ ಅವರನ್ನು ನೇರವಾಗಿ ನೋಡಿದರು. “ನಾನು ಬರೆದದ್ದು ಏಳು ಐವತ್ತೆರಡಕ್ಕೆ. ಹಗ್ಗ ತಡೆಯುತ್ತದೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ಹರಿದಿದ್ದರೆ ವಿಚಾರಣೆ ಆಗುತ್ತಿತ್ತು, ಆ ಪುಟದಲ್ಲಿ ಯಾರ ಹೆಸರಿದೆಯೋ ಅವರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಇಪ್ಪತ್ತೇಳನೇ ವಯಸ್ಸಿಗೆ ಅವಳದು ಮುಗಿಯುವುದು ನನಗೆ ಬೇಡವಾಗಿತ್ತು. ಸೋತಿದ್ದರೆ ಅದು ನನ್ನದು. ಗೆದ್ದದ್ದು ಅವಳದು.” ಆಮೇಲೆ ಪೆನ್ನು ತೆಗೆದು ಅಧ್ಯಕ್ಷರ ಮುಂದಿಟ್ಟರು. “ಈಗ ಬರೆದುಕೊಳ್ಳಿ.”

ಅಧ್ಯಕ್ಷರು ಆ ಪೆನ್ನಿನಿಂದಲೇ ಹೆಸರು ಬರೆದರು, ಕಾಗುಣಿತ ಕೇಳಿ ಕೇಳಿ. ದಿಲ್ಶಾದ್ ನನ್ನ ಪಕ್ಕದ ಕುರ್ಚಿಯಿಂದ ಒಂದೊಂದೇ ಅಕ್ಷರ ಹೇಳಿದಳು.